ಐದನೆಯ ಚೀಟಿ

ಯಡೂರು
೧೯ ಜುಲೈ ೧೯೯೩

ಪ್ರೀತಿಯ ಗೆಳತಿ ದ್ರೌಪದಿಗೆ,

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಮಗಳು ಚೆನ್ನಾಗಿದ್ದಾಳೆ. ಜ್ವರ ನಿನ್ನೆ ಸಂಜೆಯೇ ಇಳಿಯಿತು. ಇವತ್ತು ನಿನ್ನ ಅವ್ವ ಶೇವಂತಾ ಆಯಿ ಕಾಸಿ ಕೊಟ್ಟ ಗಂಜಿ ಕುಡಿದು, ಮೇಲೆ ಎರಡು ಚಮಚ ಸಕ್ಕರೆ ಕೇಳಿದಳು. ಇಷ್ಟು ಓದಿ ಒಂದು ಸಲ ಉಸಿರು ಬಿಡು, ಆಮೇಲೆ ಮುಂದಿನದನ್ನು ಓದು. ಆಸ್ಪತ್ರೆಯ ಡ್ಯೂಟಿ ಮುಗಿದ ಮೇಲೆ ಓದು ಅನ್ನಬೇಕೆಂದುಕೊಂಡೆ. ಆದರೆ ನೀನು ಕಾಯುವವಳಲ್ಲ.

ನಿನಗೆ ಬರೆಯುವುದು ಬೇಡವೆಂದು ಆಯಿ ಅಂದರು. "ಪೋರಿ ಪಾರಾಗ್ಯಾಳ. ಸುಮ್ನ ನಿಪ್ಪಾಣ್ಯಾಗ ಕುಂತಾಕಿ ಜೀವ ಯಾಕ ತಿಂತಿ?" ಎಂದು ಕೇಳಿದರು. ನನ್ನಿಂದ ಆಗಲಿಲ್ಲ. ನೀನು ನರ್ಸ್ ಕೆಲಸಕ್ಕೆ ಹೋಗುವಾಗ ಸುಂದರಾಳ ಕೈಯನ್ನು ಅಜ್ಜಿಯ ಕೈಯಲ್ಲಿಟ್ಟೆ, ಆದರೆ ನೋಡಿದ್ದು ನನ್ನನ್ನು. ಅವಳ ಟೀಚರ್ ನಾನೇ ಅಲ್ಲವೇ.

ಐದನೆಯ ತರಗತಿಯ ಮಕ್ಕಳಿಗೆ ಈ ವರ್ಷವೇ ಇಂಗ್ಲಿಷ್ ಶುರುವಾಗಿದೆ. ಪದಗಳನ್ನು ಕೂಗುತ್ತಾರೆ, ಮನಸ್ಸಿಗೆ ಇಳಿಯುವುದಿಲ್ಲ. 'ಟ್ರೀ ಅಂದರೆ ಗಿಡ' ಎಂದು ನೂರು ಸಲ ಒದರಿದ ಹುಡುಗನನ್ನು ಬೇವಿನ ಮರದ ಮುಂದೆ ನಿಲ್ಲಿಸಿ ಇಂಗ್ಲಿಷಿನಲ್ಲಿ ಇದೇನು ಎಂದರೆ ಕಣ್ಣು ಪಿಳಿಪಿಳಿ ಬಿಡುತ್ತಾನೆ. ಚಿಕ್ಕೋಡಿಯ ತರಬೇತಿಯಲ್ಲಿ ನಿಧಿ ಹುಡುಕುವ ಆಟವೊಂದನ್ನು ಹೇಳಿಕೊಟ್ಟಿದ್ದರು. ಊರಿನಲ್ಲೇ ಆಡಿಸೋಣ ಎಂದುಕೊಂಡೆ. ಹೆಡ್‌ಮಾಸ್ತರ್ ಭಾವುಸಾಹೇಬ ಗುರುಗಳಿಗೆ ಮನಸ್ಸಿರಲಿಲ್ಲ. ನಾನೇ ಹಟ ಹಿಡಿದು ಒಪ್ಪಿಸಿದೆ.

ಶನಿವಾರ ಮುಂಜಾನೆಯ ಶಾಲೆ. ನಾಲ್ಕು ನಾಲ್ಕು ಮಕ್ಕಳ ಗುಂಪು, ಐದು ಚೀಟಿ. ಒಂದೊಂದರಲ್ಲೂ ಮುಂದಿನ ಜಾಗದ ಇಂಗ್ಲಿಷ್ ಹೆಸರು. ಅಂಗಳದ ಬೇವಿನ ಮರ, ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ವೀರಭದ್ರನ ಗುಡಿ. ಗುಡಿಯ ಮೆಟ್ಟಿಲ ಸಂದಿನಲ್ಲಿ ಐದನೆಯ ಚೀಟಿ. ಅದರಲ್ಲಿ ಬರೆದದ್ದು 'ಬ್ಯಾಂಕ್'. ಪಂಚಾಯಿತಿಯ ಪಕ್ಕದ ಸೊಸಾಯಿಟಿ ಬ್ಯಾಂಕಿನ ಮೇಜಿನ ಮೇಲೆ ಬಣ್ಣದ ಪೆನ್ಸಿಲು, ಪೆಪ್ಪರಮೆಂಟು ತುಂಬಿದ ಡಬ್ಬಿ ಇಟ್ಟಿದ್ದೆ. ಅದೇ ನಿಧಿ.

ಸುಂದರಾಳ ಗುಂಪೇ ಎಲ್ಲರಿಗಿಂತ ಮುಂದೆ ಇತ್ತು. ನೀನು ಕಳಿಸಿದ ಪುಟ್ಟ ಡಿಕ್ಷನರಿ ಅವಳ ಕೈಯಲ್ಲಿತ್ತು. ಐದನೆಯ ಚೀಟಿ ಸಿಕ್ಕ ಕೂಡಲೇ ಅವಳು ಪುಟ ತಿರುವಿದಳಂತೆ. ಅದರಲ್ಲಿ ಮೊದಲ ಅರ್ಥ ನದಿಯ ದಂಡೆ. ಗೆಳತಿಯರಿಗೆ "ನೀವು ಇಲ್ಲೇ ಕುಂದರ್ರಿ, ನಾ ತರ್ತೀನಿ" ಎಂದು ಹೇಳಿ ಓಡಿದಳಂತೆ. ನಾನು ಗುಡಿಯ ಮುಂದೆಯೇ ಗುರುಗಳ ಜೊತೆ ನಿಂತಿದ್ದೆ. ಅವಳು ಯಾವ ಕಡೆ ಹೋದಳೆಂದು ಗಮನಿಸಲಿಲ್ಲ. ಆ ಪದಕ್ಕೆ ಇನ್ನೊಂದು ಅರ್ಥವಿದೆಯೆಂದು ಹೊಳೆಯಲೂ ಇಲ್ಲ.

ಬೇರೆ ಗುಂಪಿನವರು ಡಬ್ಬಿ ಹಿಡಿದು ಕುಣಿಯುತ್ತ ಶಾಲೆಗೆ ಬಂದರು. ಪೆಪ್ಪರಮೆಂಟು ಹಂಚುವಾಗ ಒಂದು ಉಳಿಯಿತು. ಆಗ ಗುಡಿಯಿಂದ ಎಲ್ಲರ ಜೊತೆ ಬಂದಿದ್ದ ಸುಂದರಾಳ ಗೆಳತಿಯರಲ್ಲಿ ಒಬ್ಬಳು, "ಸುಂದ್ರಾ ದಂಡಿಗೆ ಹೋಗ್ಯಾಳ್ರಿ ಅಕ್ಕೋರ, ಇನ್ನೂ ಬಂದಿಲ್ರಿ" ಎಂದಳು.

ದ್ರೌಪದಿ, ಈಗ ಕೃಷ್ಣೆ ಹೇಗಿದ್ದಾಳೆಂದು ನಿನಗೆ ಹೇಳಬೇಕಿಲ್ಲ. ಮೇಲೆ ಮಳೆಯಾಗಿ ಮೂರು ದಿನದಿಂದ ನೀರು ಏರುತ್ತಿತ್ತು. ನಾನು ಓಡಿದೆ, ಸೆರಗು ಎಲ್ಲೋ, ಚಪ್ಪಲಿ ಎಲ್ಲೋ. ದಂಡೆಯ ಕೆಸರಿನಲ್ಲಿ ಅವಳ ಹಸಿರು ಪಟ್ಟಿಯ ಚಪ್ಪಲಿ ಒಂದೇ ಬಿದ್ದಿತ್ತು. ಅದನ್ನು ಎತ್ತಿಕೊಂಡೆ. ಕೆಂಪು ನೀರು ಮರದ ಕೊಂಬೆಗಳನ್ನು ಹೊತ್ತು ಹೋಗುತ್ತಿತ್ತು. ಒಂದೊಂದು ಕೊಂಬೆಯೂ ಒಂದು ಕೈಯ ಹಾಗೆ ಕಾಣುತ್ತಿತ್ತು. ನಿನಗೆ ಯಾವ ಮುಖದಿಂದ ಹೇಳಲಿ ಎನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಅಂಥ ಹೊತ್ತಿನಲ್ಲೂ ನಾನು ನನ್ನನ್ನೇ ನೆನೆದೆ ನೋಡು.

ಪಂಪು ನೋಡಿಕೊಳ್ಳುವ ಭರಮು ಮಾಮಾ ಓಡಿ ಬಂದರು. ಹಿಂದೆ ಬಂದು ಗದ್ದಲ ಮಾಡುತ್ತಿದ್ದ ಜನರಿಗೆ, "ಎಲ್ಲಾರೂ ಬಾಯಿ ಮುಚ್ರಿ. ಏನೋ ಕೇಳಾಕತ್ತೈತಿ" ಎಂದು ಗದರಿದರು. ಎಲ್ಲರೂ ಸುಮ್ಮನಾದ ಮೇಲೆ ನನಗೂ ಕೇಳಿಸಿತು. ತೆಳ್ಳನೆಯ ಅಳು. ಜಾಲಿಯ ಮರೆಯಲ್ಲಿರುವ ಹಳೆಯ ಪಂಪಿನ ಕಟ್ಟೆಯ ಮೇಲೆ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದಳು. ಅಲ್ಲಿಗೆ ಹೋಗುವ ದಾರಿಯನ್ನು ನೀರು ನುಂಗಿಬಿಟ್ಟಿತ್ತು.

ಭರಮು ಮಾಮಾ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಟ್ರ್ಯಾಕ್ಟರಿನ ಟ್ಯೂಬು ಹಿಡಿದು ನೀರಿಗಿಳಿದರು. ಅವರಿಗೆ ಅರವತ್ತರ ಮೇಲೆ ವಯಸ್ಸು. ಒಮ್ಮೆ ಕಾಲು ಜಾರಿ ಅವರ ತಲೆಯೇ ಮುಳುಗಿತು. ಹಗ್ಗ ಹಿಡಿದವರು ಒಟ್ಟಿಗೆ ಚೀರಿದರು. ಮತ್ತೆ ಎದ್ದರು. ಅವಳನ್ನು ಟ್ಯೂಬಿನಲ್ಲಿ ಕೂಡಿಸಿ ತಂದು ದಂಡೆಗೆ ಇಳಿಸಿದಾಗ ಅವಳ ಹಲ್ಲು ಕಟಕಟ ಅನ್ನುತ್ತಿದ್ದವು. ನನ್ನನ್ನು ಕಂಡ ಕೂಡಲೇ ಅವಳು ಅಂದ ಮೊದಲ ಮಾತು: "ಎಲ್ಲಾ ಕಲ್ಲು ಎತ್ತಿ ನೋಡಿನ್ರಿ ಅಕ್ಕೋರ. ನಿಧಿ ಸಿಗಲಿಲ್ರಿ."

ಡಾಕ್ಟರು ಇಂಜೆಕ್ಷನ್ ಕೊಟ್ಟಿದ್ದಾರೆ. ಎದೆಯಲ್ಲಿ ಕಫ ಇಲ್ಲವಂತೆ. ನೀನು ಬಂದು ನಿನ್ನ ಕೈಯಿಂದ ಒಮ್ಮೆ ನೋಡಿದರೆ ನನಗೆ ನಂಬಿಕೆ ಬರುತ್ತದೆ.

ಭಾವುಸಾಹೇಬ ಗುರುಗಳು ನಡೆದದ್ದನ್ನು ಇವತ್ತು ಶಾಲೆಯ ಕಾಗದದಲ್ಲಿ ಬರೆದರು. ಹುಡುಗಿ ಯಾರನ್ನೂ ಕೇಳದೆ ತಾನೇ ನದಿಗೆ ಹೋದಳು ಎಂದು ಅದರಲ್ಲಿದೆ. ಕೆಳಗೆ ನನ್ನ ಸಹಿಯೂ ಇದೆ. ನಿನಗೂ ಅದರ ಒಂದು ಪ್ರತಿ ಬರುತ್ತದೆ. ಶೇವಂತಾ ಆಯಿ ನನ್ನನ್ನು ಬೈಯಲಿಲ್ಲ. ಚಹಾ ಮಾಡಿ ಕೊಟ್ಟರು. ಆ ಚಹಾ ಕುಡಿಯುವುದು ಎಷ್ಟು ಕಷ್ಟವಾಯಿತೆಂದು ನಾನೇ ಬಲ್ಲೆ.

ನಿನ್ನ ಉತ್ತರ ಬರುವತನಕ ಪೋಸ್ಟಿನವರು ಓಣಿಗೆ ಬಂದರೆ ಬಾಗಿಲಿಗೆ ಬಂದು ನಿಲ್ಲುತ್ತೇನೆ. ಬೈದಾದರೂ ಬರಿ.

ನಿನ್ನವಳೇ ಆದ,
ಸುಗಂಧಾ

ತಾ. ಕ.: ಲಕೋಟೆ ಅಂಟಿಸಿಟ್ಟಿದ್ದೆ, ಮತ್ತೆ ಬಿಚ್ಚಿದ್ದೇನೆ. ಸುಂದರಾ ಕೇಳಿದ್ದಳು, ದ್ರೌಪದಿ. ಗುಡಿಯ ಮುಂದೆ ನನ್ನ ಹತ್ತಿರ ಬಂದು ಡಿಕ್ಷನರಿ ತೋರಿಸಿ, "ಅಕ್ಕೋರ, ಬ್ಯಾಂಕ್ ಅಂದ್ರ ದಂಡಿ ಏನ್ರಿ?" ಎಂದಳು. ನನಗೆ ಆ ಅರ್ಥ ಗೊತ್ತೇ ಇರಲಿಲ್ಲ. ಪಕ್ಕದಲ್ಲಿ ಗುರುಗಳು ನಿಂತಿದ್ದರು. ಇಂಗ್ಲಿಷ್ ಕಲಿಸುವವಳಿಗೆ ಇಷ್ಟೂ ಬರುವುದಿಲ್ಲವೇ ಅಂದುಕೊಂಡಾರೆಂದು ಹೆದರಿ, ಪುಸ್ತಕದ ಕಡೆ ನೋಡದೆಯೇ "ಹೂಂ, ಹೌದು, ಹೋಗು" ಎಂದುಬಿಟ್ಟೆ. ಅವರು ಬೇರೆ ಮಕ್ಕಳ ಕಡೆ ನೋಡುತ್ತಿದ್ದರು, ಅವರಿಗೆ ಇದೇನೂ ಕೇಳಿಸಿರಲಿಲ್ಲ. ಮರುದಿನ ಅವರು ಅವಳ ಹಾಸಿಗೆಯ ಪಕ್ಕ ಕುಳಿತು, "ಯಾರ್ನ ಕೇಳಿ ಹೋಗಿದ್ದಿ ಬೇ?" ಎಂದಾಗ, ಆ ಜ್ವರದಲ್ಲೂ ಅವಳು ನನ್ನ ಮುಖ ನೋಡಿ, "ಯಾರ್ನೂ ಕೇಳಿಲ್ರಿ" ಎಂದಳು. ನಾನು ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ನಾಳೆ ಶಾಲೆಗೆ ಹೋದವಳೇ ಆ ಕಾಗದ ಹರಿದು ಹಾಕಿಸಿ ಬೇರೆ ಬರೆದು ಕೊಡುತ್ತೇನೆ. ನೀನು ಊರಿಗೆ ಬಂದಾಗ ನನ್ನ ಮನೆಯ ಹೊಸ್ತಿಲು ತುಳಿಯದಿದ್ದರೂ ಸರಿ. ಸುಳ್ಳು ಹೇಳಿದೆಯೆಂದು ಅವಳನ್ನು ಮಾತ್ರ ಬೈಯಬೇಡ.