ಎದ್ದು ದಿಕ್ಕು ನೋಡಿದ ಹೆಣ

ಅರುಂಧತಿ,

ದೇವರಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಿನ್ನೆ ಊರಾಚೆಯ ಟಾರ್ನೀಟ್ ಬಯಲಿನ ಸಿನಿಮಾ ಶೂಟಿಂಗಲ್ಲಿ, ಕೋಟೆ ಕಾಯ್ತಿದ್ದ ನಾವು ಮೂವತ್ತು ಸಿಪಾಯಿಗಳೂ ಸತ್ವಿ. ಎಲ್ಲರೂ ಬಿದ್ದಲ್ಲೇ ಬಿದ್ದಿದ್ರು. ನಾನೊಬ್ಬನೇ ಎದ್ದು, ಸೂರ್ಯ ಎಲ್ಲಿದ್ದಾನೆ ಅಂತ ನೋಡಿ, ತಲೆ ದಿಕ್ಕು ಬದಲಿಸಿ ಮಲಗಿದೆ.

"ಮೇಟ್, ನೀನು ಸತ್ತಿದ್ದೀಯ!" ಅಂತ ಬಿಳಿ ಡೈರೆಕ್ಟರ್ ಕೂಗಿದ.

"ಉತ್ತರಕ್ಕೆ ತಲೆ ಹಾಕಿ ಮಲಗಿದ್ರೆ ನನ್ನ ಹೆಂಡತಿ ಬೈತಾಳೆ ಸಾರ್. ಮದುವೆಯಾದ ಹೊಸದರಲ್ಲಿ ಒಂದ್ಸಲ—" ಅನ್ನೋಷ್ಟರಲ್ಲಿ ಅವನು ಹೊರಟೇಹೋದ.

ಇವತ್ತೂ ಎದ್ರೆ ಸಿನಿಮಾದಿಂದಲೇ ತೆಗೀತಾರಂತೆ. ಕನ್ನಡ ಸಂಘದಲ್ಲಿ ಆಗಲೇ ನಾನೇ ಹೀರೋ ಅಂತ ಹೇಳ್ಕೊಂಡಿದ್ದೀನಿ. ಅದಕ್ಕೆ ಇವತ್ತೊಂದಿನ ಉತ್ತರಕ್ಕೇ ಸಾಯ್ತೀನಿ, ಬೈಬೇಡ.

ಚಿತ್ರಾನ್ನದ ಡಬ್ಬಿ ತಗೊಂಡಿದ್ದೀನಿ. ಆಫೀಸಿಂದ ಫೋನ್ ಬಂದ್ರೆ ಜ್ವರ ಅನ್ನು. ಸತ್ತ ವಿಷಯ ಎತ್ತಬೇಡ.

ಬದರಿ