ಬೆನ್ನು ತಿರುಗಿಸಿದ ಭಾನುವಾರ

ಹಾಸಲ್‌ರೋಡ, ಮೇಲ್ದಂಡೆ
೨೦ ಮೇ ೧೯೬೫

ಪ್ರೀತಿಯ ಇರ್ಮ್‌ಗಾರ್ಡ್ ಅಕ್ಕನಿಗೆ,

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ತಪ್ಪುಗಳೂ ಇರುತ್ತವೆ, ನಗಬೇಡ. ಊರಿನ ಶಾಲೆ ಬಿಟ್ಟಮೇಲೆ ಸಹಕಾರಿ ಕೊಟ್ಟಿಗೆಯಲ್ಲಿ ಹಾಲು ಕರೆದದ್ದೇ ಹೊರತು ಪೆನ್ನು ಹಿಡಿದವಳಲ್ಲ. ತಡವಾಗಿ ಬರೆಯುತ್ತಿರುವುದಕ್ಕೂ ಕ್ಷಮಿಸು. ಅಂಚೆಗೆ ಹಾಕಿದರೆ ನಿನಗಿಂತ ಮೊದಲು ಬೇರೆಯವರು ಓದುತ್ತಾರೆ. ಈಗ ಅರವತ್ತು ದಾಟಿದ ಹೆಂಗಸರನ್ನು ಗಡಿಯಾಚೆ ಹೋಗಿಬರಲು ಬಿಡುತ್ತಿದ್ದಾರಲ್ಲ, ಓಲ್ಗಾ ಅತ್ತೆಗೂ ಪರವಾನಗಿ ಸಿಕ್ಕಿದೆ. ಈ ಕಾಗದವನ್ನು ಲಂಗದ ಅಂಚಿನೊಳಗಿಟ್ಟು ಹೊಲಿದುಕೊಳ್ಳುತ್ತಾಳಂತೆ. ನಮ್ಮ ಅಡುಗೆಮನೆ ಕಿಟಕಿಗೆ ನಿನ್ನ ಗಿರಣಿಯ ಹೊಗೆ ಕಾಣುತ್ತದೆ. ಅಲ್ಲಿಗೆ ಬರಲು ಅವಳು ಒಂದು ಹಗಲು, ಒಂದು ರಾತ್ರಿ ರೈಲಿನಲ್ಲಿ ಸುತ್ತಬೇಕು. "ಮೊಣಕಾಲುದ್ದದ ಹಳ್ಳ ದಾಟಕ್ಕೆ ಇಷ್ಟು ಸುತ್ತೋಳು ನಾನೊಬ್ಬಳೇ ಕಣೇ" ಎಂದು ಅತ್ತೆ ನಗುತ್ತಾಳೆ.

ಊರಿಗೆ ಆರುನೂರು ವರ್ಷ ತುಂಬಿತೆಂದು ಶಾಲೆಯಲ್ಲಿ ಹೊಸ ನಕ್ಷೆ ತೂಗುಹಾಕಿದ್ದಾರೆ. ನಮ್ಮ ದಂಡೆಯಲ್ಲಿ ಶಾಲೆ, ಹೆಂಡದಂಗಡಿ, ಸುಣ್ಣದ ಗೂಡು, ಕೊಟ್ಟಿಗೆ ಎಲ್ಲ ಇವೆ. ಹಳ್ಳದಾಚೆ ಬರೀ ಬಿಳಿ ಕಾಗದ. ಪಕ್ಕದ ಮನೆಯ ಪುಟ್ಟ ಊಟೆ ಎದ್ದುನಿಂತು, ಮೇಷ್ಟ್ರೇ, ಚರ್ಚು ಬರೆಯೋದು ಮರ್ತಿದ್ದಾರೆ ಎಂದಳಂತೆ. ಟ್ರೌಟ್‌ವೆಟರ್ ಮೇಷ್ಟ್ರು, ಕೂತ್ಕೋ, ನಮ್ಮೂರಿಗೆ ಚರ್ಚಿಲ್ಲ ಎನ್ನುವಾಗಲೇ ನಿಮ್ಮ ಕಡೆಯ ಮಧ್ಯಾಹ್ನದ ಗಂಟೆ ಬಾರಿಸಿತಂತೆ. ಮಕ್ಕಳೆಲ್ಲ ನಕ್ಕರು. ಮೇಷ್ಟ್ರು ಕನ್ನಡಕ ಒರೆಸುತ್ತಾ ಕಿಟಕಿ ಮುಚ್ಚಿಸಿದರಂತೆ.

ಅಪ್ಪ ಹೇಳುವಂತೆ, ಯುದ್ಧ ಮುಗಿದು ದೇಶ ಎರಡಾಗುವ ಮೊದಲೂ ಈ ಹಳ್ಳ ಗಡಿಯೇ. ಈಚೆ ಡ್ಯೂಕರದು, ಆಚೆ ಬಿಷಪ್ಪರದು. ಆದರೂ ಜನ ಆಚೆ ಹೋಗಿ ದೀಕ್ಷಾಸ್ನಾನ ಮಾಡಿಸಿ, ಈಚೆ ಬಂದು ಬಿಯರ್ ಕುಡಿಯುತ್ತಿದ್ದರು. ಬಾತುಗಳಿಗಂತೂ ಯಾವ ದೊರೆಯೂ ಗೊತ್ತಿರಲಿಲ್ಲ.

ಅಕ್ಕಾ, ಈಗ ಈಸ್ಟರ್ ಭಾನುವಾರದ ಮಾತು. ನೀನು ವಾರವಾರವೂ ಚರ್ಚು ಬಿಟ್ಟಮೇಲೆ ಆಚೆ ದಂಡೆಯಲ್ಲಿ ನಿಲ್ಲುತ್ತಿದ್ದೆ, ನಾವು ಅಂಗಳದಿಂದ ಕೈ ಬೀಸುತ್ತಿದ್ದೆವು. ಆ ದಿನ ನೀನು ಬಿಳಿ ಬಟ್ಟೆ ಸುತ್ತಿದ್ದ ಕೂಸನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಮ್ಮನನ್ನು ಕೂಗಿದೆ. ನಾವು ಮೂವರೂ ನಿನಗೆ ಬೆನ್ನು ತಿರುಗಿಸಿ ಒಳಗೆ ಹೋದೆವು.

ಹಿಂದಿನ ಸಂಜೆಯಷ್ಟೇ ಊರಿನ ಮುಖ್ಯಸ್ಥ ಷಿಲ್ಲಿಂಗ್ ಹೆಂಡದಂಗಡಿಯಲ್ಲಿ ಹೊಸ ಕಟ್ಟಳೆ ಓದಿ ಹೇಳಿದ್ದ. ಆಚೆಗೆ ಕೈ ಬೀಸಬಾರದು, ಕೂಗಬಾರದು, ನಿಂತು ನೋಡಲೂ ಬಾರದು. ತಪ್ಪಿದವರು ಮನೆ ಬಿಟ್ಟು, ಗಡಿಯಿಂದ ದೂರದೂರಿಗೆ ಸಾಗಿಸುವ ಲಾರಿ ಹತ್ತಬೇಕು. ಕಮ್ಮಾರ ಓಸ್ಕರ್ ಎದ್ದು, "ಕಂಕುಳು ಕೆರ್ಕೊಳಕ್ಕೆ ಕೈ ಎತ್ತಬಹುದಾ, ಸ್ವಾಮಿ?" ಎಂದ. ಹಬ್ಬ ಮುಗಿದೊಡನೆ ಅವನನ್ನು ಜಿಲ್ಲಾ ಕಚೇರಿಗೆ ಕರೆಸಿದರು. ಬಂದಮೇಲೆ ಅವನು ನಗೆಚಾಟಿಕೆ ಬಿಟ್ಟಿದ್ದಾನೆ. ಆ ಭಾನುವಾರ ಕಾವಲು ಗೋಪುರದವರು ದುರ್ಬೀನನ್ನು ನಮ್ಮ ಅಂಗಳಕ್ಕೇ ಇಟ್ಟಿದ್ದರು. ಇದನ್ನು ನಿನಗೆ ಹೇಳುವುದಾದರೂ ಹೇಗೆ? ಅಲ್ಲಿಂದೀಚೆ ನೀನು ಬಂದಿಲ್ಲ, ನಿನ್ನ ಕಾಗದವೂ ಇಲ್ಲ. ಎವಾಲ್ಡ್ ಭಾವನೇ ಬೇಡವೆಂದನೋ, ನಮ್ಮ ಮೇಲೆ ನಿನಗೇ ಬೇಸರವೋ ತಿಳಿಯದು.

ಈಗ ಹಳ್ಳದುದ್ದಕ್ಕೂ ಆಳೆತ್ತರ ಮೀರಿದ ಹಲಗೆಯ ಗೋಡೆ ಏಳುತ್ತಿದೆ. ಊರಿನ ಬಡಗಿಗಳೇ ಮಾಡಬೇಕಂತೆ, ಹಾಗಾಗಿ ಅಪ್ಪನೂ ಹೋಗುತ್ತಾನೆ. ಶಾಲೆಯ ಕಡೆಯಿಂದ ಶುರುಮಾಡಿದ್ದಾರೆ. ನಮ್ಮ ಅಂಗಳದ ಮುಂದಿನ ಕಂಬಗಳಿಗೆ ಮರ ಇನ್ನೂ ಹಸಿ, ಒಣಗಲಿ ಎಂದು ಅಪ್ಪ ದಿನ ತಳ್ಳುತ್ತಿದ್ದಾನೆ. ಮೇಸ್ತ್ರಿ ನಂಬಿದಂತೆ ಕಾಣುವುದಿಲ್ಲ. ರಾತ್ರಿ ಊಟಕ್ಕೆ ಕೂತವನು ಆಲೂಗಡ್ಡೆ ಮುಟ್ಟದೆ, "ಪೆಂಟೆಕೋಸ್ಟ್ ಹಬ್ಬದ ತನಕ ಎಳೀತೀನಿ ಕಣಮ್ಮ. ಆಮೇಲೆ ನನ್ನ ಕೈಲಾಗಲ್ಲ" ಎಂದ.

ಹಾಗಾಗಿ ಜೂನ್ ಆರಕ್ಕೆ, ಪೆಂಟೆಕೋಸ್ಟ್ ಭಾನುವಾರ ಬಾ ಅಕ್ಕ. ಕೂಗಬೇಡ, ಸುಮ್ಮನೆ ಹಾದುಹೋಗು. ನಾವು ಕೈ ಬೀಸುವುದಿಲ್ಲ, ತಲೆ ಎತ್ತದೆಯೂ ಇರಬಹುದು. ಅಪ್ಪ ಸೌದೆ ಒಟ್ಟುತ್ತಿರುತ್ತಾನೆ, ಅಮ್ಮ ಬಾತುಗಳಿಗೆ ಕಾಳು ಹಾಕುತ್ತಿರುತ್ತಾಳೆ, ನಾನು ಗುಡಿಸುತ್ತಿರುತ್ತೇನೆ. ಮೂವರೂ ನಿನ್ನನ್ನೇ ನೋಡುತ್ತಿದ್ದೇವೆಂದು ತಿಳಿದುಕೋ.

ಅಪ್ಪ ಅಮ್ಮನ ಆಶೀರ್ವಾದ ನಿಮ್ಮ ಮೂವರ ಮೇಲಿದೆ. ದೇವರು ನಿಮ್ಮ ಗಿರಣಿಯ ಚಕ್ರ ನಿಲ್ಲದಂತೆ ಕಾಯಲಿ.

ನಿನ್ನ ತಂಗಿ,
ಎಲ್ಫ್ರೀಡೆ

ಮತ್ತೆ: ಅಮ್ಮ ಬರೆಯಬೇಡವೆಂದಳು, ಆದರೂ ಬರೆಯುತ್ತೇನೆ. ಕೂಸು ಗಂಡೋ ಹೆಣ್ಣೋ? ಹೆಸರೇನು? ಅಂಗಡಿಯಲ್ಲಿ ಯಾರಾದರೂ ಕೇಳಿದರೆ ಅಮ್ಮ ಒಂದು ದಿನ ಮೊಮ್ಮಗ ಅನ್ನುತ್ತಾಳೆ, ಇನ್ನೊಂದು ದಿನ ಮೊಮ್ಮಗಳು ಅನ್ನುತ್ತಾಳೆ. ಗೊತ್ತಿಲ್ಲ ಎಂದು ಮಾತ್ರ ಅವಳ ಬಾಯಿಂದ ಬರುವುದಿಲ್ಲ. ಈ ಬೆಳಿಗ್ಗೆ ಅವಳು ಪೆಟ್ಟಿಗೆ ತೆಗೆದು, ನಿನಗೂ ನನಗೂ ದೀಕ್ಷಾಸ್ನಾನದ ದಿನ ತೊಡಿಸಿದ್ದ ಉದ್ದನೆಯ ಬಿಳಿ ನಿಲುವಂಗಿ ಒಗೆದಳು. ಬಟ್ಟೆ ಒಣಹಾಕಬಾರದೆಂದು ಷಿಲ್ಲಿಂಗ್ ಓದಿಲ್ಲವಲ್ಲ. ಹಳ್ಳದ ಕಡೆಯ ಹಗ್ಗದ ಮೇಲೆ, ಎದೆಯ ಕಸೂತಿ ನಿಮ್ಮ ಕಡೆಗೆ ಕಾಣುವಂತೆ ಹರವಿ, ಎರಡು ತೋಳಿಗೂ ಒಂದೊಂದು ಕ್ಲಿಪ್ಪು ಹಾಕಿ ಒಳಗೆ ಬಂದಳು.