ಧ್ವನಿಯಿಲ್ಲದ ರೀಲು

ಅಪ್ಪಾ,

ಸ್ವಾತಂತ್ರ್ಯ ದಿನದ ರಜೆಗೆಂದು ಇಲ್ಲಿನ ಟಾಕೀಸಿನಲ್ಲಿ ಹಳೆಯ ಕನ್ನಡ ಚಿತ್ರಗಳನ್ನು ಪುಕ್ಕಟೆ ತೋರಿಸುತ್ತಿದ್ದಾರೆ. ಇವತ್ತು ಮಧ್ಯಾಹ್ನದ ಆಟಕ್ಕೆ ನಾನೂ ಹೋಗಿದ್ದೆ. ಮುದುಕ ಬಡಗಿಯ ಪಾತ್ರಕ್ಕೆ ನೀವು ಕಂಠ ಕೊಟ್ಟಿದ್ದಿರಲ್ಲ, ಆ ಚಿತ್ರ. ನೀವು ತೀರಿಕೊಂಡ ಮೇಲೆ ಈ ಮೂರು ವರ್ಷ ನಿಮ್ಮ ದನಿ ಕೇಳುವ ಧೈರ್ಯ ನನಗೆ ಬಂದಿರಲಿಲ್ಲ.

ಕೊನೆಯ ರೀಲಿನಲ್ಲಿ ಬಡಗಿ ಮಗಳ ಮನೆಯ ಬಾಗಿಲು ತಟ್ಟುತ್ತಾನೆ. ಅವನ ತುಟಿ ಅಲುಗುವ ಮೊದಲೇ ನಿಮ್ಮ ದನಿ ಬಂತು. "ಪುಟ್ಟಿ, ನಂಗೇನೂ ಬೇಜಾರಿಲ್ಲ ಕಣೇ. ಒಂದು ಲೋಟ ನೀರು ಕೊಡು, ಹೊರಟುಬಿಡ್ತೀನಿ."

ಪಕ್ಕದ ಹೆಂಗಸು ಗೊಣಗಿದರು. "ಸೌಂಡೇ ಇಲ್ವಲ್ಲ. ಮೂಕಿ ಚಿತ್ರ ನೋಡಿದ ಹಾಗಾಯ್ತು."

ನಾನು ಎದ್ದು ಮೇಲೆ ಆಪರೇಟರನ ಕೋಣೆಗೆ ಓಡಿದೆ.

"ಈ ರೀಲಿನ ಸೌಂಡು ಯಾವತ್ತೋ ಹಾಳಾಗಿದೆ ಮೇಡಂ. ಏನೂ ಕೇಳಿಸಲ್ಲ," ಎಂದ.

ನನಗೆ ಕೇಳಿಸಿದ ಆ ಮಾತು ಚಿತ್ರದ್ದಲ್ಲ ಅಪ್ಪಾ. ಕೊನೆಯ ಸಲ ನನ್ನ ಮನೆಗೆ ಬಂದಾಗ, ಬಾಗಿಲಾಚೆ ನಿಂತು ನೀವು ಆಡಿದ್ದು. ಒಳಗೆ ನಾನು ಬಾಗಿಲು ತೆಗೆಯದೆ ರೇಡಿಯೊ ಜೋರು ಮಾಡಿದ್ದೆ.

ಆಪರೇಟರನ ಕಿಂಡಿಯಿಂದ ಇಣುಕಿದೆ. ತೆರೆಯ ಮೇಲೆ ಮಗಳು ಬಾಗಿಲು ತೆಗೆದಿದ್ದಳು. ಬಡಗಿ ಮಾತ್ರ ಒಳಗೆ ಹೋಗದೆ, ಹಿಂದಿರುಗಿ, ನಾನಿದ್ದ ಕಿಂಡಿಯತ್ತಲೇ ನೋಡುತ್ತ ನಿಂತಿದ್ದ.